ರ‍್ಯಾಪ್ಲಿಂಗ್‌ಗೆ ಮಕ್ಕಳನ್ನು ಕಳಿಸುವ ಮುನ್ನ ಎರಡನೇ ಹಗ್ಗ ಎಲ್ಲಿದೆ ಅಂತ ಕೇಳಿ

ಬಾದಾಮಿ ಕಡೆಯ ಒಂದು ಬಂಡೆಯಲ್ಲಿ ಶಾಲಾ ಶಿಬಿರದ ರ‍್ಯಾಪ್ಲಿಂಗ್ ವೇಳೆ, ಅಂದರೆ ಹಗ್ಗದ ಆಸರೆಯಲ್ಲಿ ಬಂಡೆ ಇಳಿಯುವಾಗ, ಎಂಟನೇ ತರಗತಿಯ ಹುಡುಗಿ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡಳು. ಶಾಲೆ ಯಾವುದು, ಶಿಬಿರ ನಡೆಸಿದವರು ಯಾರು ಅನ್ನುವುದು ಇಲ್ಲಿ ಬೇಡ. ಅಂಥದೇ ಹಗ್ಗ, ಅಂಥದೇ ಕಟ್ಟು ಬೇರೆ ಶಿಬಿರಗಳಲ್ಲೂ ಕಾಣುತ್ತಿದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಮಕ್ಕಳನ್ನು ಕರೆತರುವ ಶಿಕ್ಷಕರು ಇದನ್ನು ಓದಲೇಬೇಕು.

ಹುಡುಗಿಯ ಜಡೆ ಹೆಗಲ ಮೇಲಿಂದ ಮುಂದಕ್ಕೆ ಬಿದ್ದಿತ್ತು. ಕೆಳಗೆ ನೋಡಲು ಬಾಗಿದಾಗ ಜಡೆಯ ತುದಿ ಹಗ್ಗದ ಜೊತೆ ಫಿಗರ್ ಎಯ್ಟ್ (ಇಳಿಯುವ ವೇಗ ಹಿಡಿಯುವ, ಎಂಟರ ಆಕಾರದ ಲೋಹದ ಉಪಕರಣ) ಒಳಗೆ ಹೋಯಿತು. "ಸರ್, ಕೂದಲಾ ಸಿಕ್ಕಾವ್ರಿ" ಅಂತ ಕೂಗಿದಳು. ಮೇಲಿದ್ದವರು "ಇನ್ನೂ ಸ್ವಲ್ಪ ಇಳಿ" ಅಂದರು. ಇಳಿದಷ್ಟೂ ಜಡೆ ಒಳಗೆ ಹೋಗುತ್ತದೆ, ತಲೆ ಉಪಕರಣಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸಬೇಕಾದರೆ ಹಗ್ಗದ ಮೇಲಿನ ಭಾರ ಇಲ್ಲವಾಗಬೇಕು. ನೇತಾಡುವ ಮಗು ತನ್ನ ಭಾರವನ್ನು ತಾನೇ ಎತ್ತಲಾರದು. ಅರ್ಧ ಗಂಟೆಗೂ ಹೆಚ್ಚು ಹೊತ್ತು ನೇತಾಡಿದ ಮೇಲೆ ಒಬ್ಬರು ಬೇರೆ ಹಗ್ಗ ತರಿಸಿಕೊಂಡು ಇಳಿದು, ಬ್ಲೇಡಿನಿಂದ ಜಡೆ ಕತ್ತರಿಸಿದರು. ಭಾರ ಹೊತ್ತು ಬಿಗಿದ ನೈಲಾನ್ ಹಗ್ಗಕ್ಕೆ ಬ್ಲೇಡು ಸೋಕಿದರೆ ಸಾಕು, ಹರಿದುಹೋಗುತ್ತದೆ. ಅವಳ ನೆತ್ತಿಗೆ ಗಾಯವಾಗಿ, ಕಾಲು ಮರಗಟ್ಟಿ, ಜೀವವೊಂದು ಉಳಿಯಿತು.

ಎಲ್ಲರೂ ಜಡೆಯನ್ನೇ ದೂರಿದರು. ಕೂದಲು ಕಟ್ಟಿ ಹೆಲ್ಮೆಟ್ಟಿನೊಳಗೆ ಸೇರಿಸಬೇಕು, ವೇಲು, ಟೈ, ಕೊರಳಿನ ಐಡಿ ಕಾರ್ಡಿನ ದಾರ ತೆಗೆಸಬೇಕು, ನಿಜ. ಆದರೆ ನಿಜವಾದ ತಪ್ಪು ಮೇಲಿತ್ತು. ಇಳಿಯುವ ಹಗ್ಗವನ್ನು ಒಂದೇ ಮರಕ್ಕೆ ಬಿಗಿ ಗಂಟು ಹಾಕಿ ಕಟ್ಟಿದ್ದರು, ಸೇಫ್ಟಿ ಹಗ್ಗವೇ ಇರಲಿಲ್ಲ.

ಮಕ್ಕಳನ್ನು ಇಳಿಸುವಾಗ ಎರಡು ಹಗ್ಗ ಬೇಕು. ಒಂದರಲ್ಲಿ ಮಗು ಇಳಿಯುತ್ತದೆ. ಇನ್ನೊಂದು ಮಗು ಮೈಗೆ ತೊಟ್ಟ ಪಟ್ಟಿಗಳ ಹಾರ್ನೆಸ್‌ಗೆ ಕಟ್ಟಿದ್ದು, ಬೇರೆ ಆಧಾರದಿಂದ, ಅಂದರೆ ಬೇರೆ ಆಂಕರ್‌ನಿಂದ ಬಂದು, ಮೇಲೆ ಬಿಲೇ ಮಾಡುವವರ (ಹಗ್ಗ ಹಿಡಿದು ಮಗುವನ್ನು ಕಾಯುವವರ) ಕೈಯಲ್ಲಿರುತ್ತದೆ. ಇಳಿಯುವ ಹಗ್ಗವನ್ನು ಆಂಕರ್‌ನಲ್ಲಿ ಇಟಾಲಿಯನ್ ಹಿಚ್ (ಹಗ್ಗವನ್ನು ನಿಧಾನಕ್ಕೆ ಬಿಡಲು ಬರುವ ಸುತ್ತು) ಹಾಕಿ, ಮ್ಯೂಲ್ ಗಂಟಿನಿಂದ (ಎಳೆದರೆ ಬಿಚ್ಚುವ ಗಂಟು) ಲಾಕ್ ಮಾಡಿ, ಅದರ ಮೇಲೊಂದು ಭದ್ರತಾ ಗಂಟು ಹಾಕಬೇಕು. ಹೀಗೆ ಕಟ್ಟಿದ ಗಂಟನ್ನು ಭಾರವಿದ್ದಾಗಲೂ ಬಿಚ್ಚಬಹುದು. ಜಡೆ ಸಿಕ್ಕಿದರೆ ಸೇಫ್ಟಿ ಹಗ್ಗವನ್ನು ಬಿಗಿ ಹಿಡಿದು, ಇಳಿಯುವ ಹಗ್ಗವನ್ನು ಸಡಿಲ ಬಿಟ್ಟರೆ ಭಾರ ಸೇಫ್ಟಿಗೆ ಬರುತ್ತದೆ, ಮಗು ತಾನೇ ಜಡೆ ಬಿಡಿಸಿಕೊಳ್ಳುತ್ತದೆ. ಕೆಲವೇ ನಿಮಿಷದ ಕೆಲಸ. ಬಿಡಿಸಲು ಆಗದಿದ್ದರೆ ಎರಡೂ ಹಗ್ಗವನ್ನು ಒಟ್ಟಿಗೆ ಬಿಡುತ್ತ ನೆಲಕ್ಕೆ ಇಳಿಸಬೇಕು. ಅದಕ್ಕೆ ಬಂಡೆಯ ಎತ್ತರದಷ್ಟು ಹಗ್ಗ ಆಂಕರ್ ಬಳಿಯೂ ಉಳಿದಿರಬೇಕು: 20 ಮೀಟರ್ ಬಂಡೆಗೆ 40 ಮೀಟರಿಗಿಂತ ಹೆಚ್ಚು.

"ಕೆಳಗೆ ನಿಂತವರು ಹಗ್ಗ ಎಳೆದರೆ ಮಗು ನಿಲ್ಲುತ್ತದೆ, ಅಷ್ಟು ಸಾಕು" ಅನ್ನುವವರಿದ್ದಾರೆ. ಮಗು ಕೈಬಿಟ್ಟರೆ ಅದು ನಿಲ್ಲಿಸುತ್ತದೆ, ಸರಿ. ಆಂಕರ್ ಕಿತ್ತರೆ, ಹಗ್ಗ ಅಂಚಿಗೆ ತೇಯ್ದು ಹರಿದರೆ, ಕೂದಲು ಸಿಕ್ಕಿದರೆ ಯಾವ ಉಪಯೋಗಕ್ಕೂ ಬಾರದು. ಶಾಲಾ ಮಕ್ಕಳಿಗೆ ಅದೊಂದೇ ಸಾಲದು.

ಆಂಕರ್ ವಿಷಯದಲ್ಲಿ ಬಾದಾಮಿಯ ಬಂಡೆ ಮರಳುಗಲ್ಲು ಎನ್ನುವುದನ್ನು ಮರೆಯಬಾರದು. ಮಳೆಯಲ್ಲಿ ನೆನೆದ ಮರಳುಗಲ್ಲು ಬಲ ಕಳೆದುಕೊಳ್ಳುತ್ತದೆ. ಮೇಲ್ಮೈ ಒಣಗಿ ಕಂಡರೂ ಒಳಗೆ ಹಸಿ ಇರುತ್ತದೆ. ಬಂಡೆಯ ನೆತ್ತಿಯ ಮರಗಳು ಗೇಣುದ್ದದ ಮಣ್ಣಲ್ಲಿ ಬೇರು ಬಿಟ್ಟಿರಬಹುದು. ಹಾಗಾಗಿ ಪ್ರತಿ ಹಗ್ಗಕ್ಕೂ ಕನಿಷ್ಠ ಎರಡು ಆಧಾರ. ಆಧಾರಕ್ಕೆ ಸುತ್ತುವ ಎರಡು ಪಟ್ಟಿಗಳ, ಅಂದರೆ ಸ್ಲಿಂಗ್‌ಗಳ ನಡುವಿನ ಕೋನ 60 ಡಿಗ್ರಿಯೊಳಗಿರಲಿ. 120 ಡಿಗ್ರಿಗೆ ಹೋದರೆ ಒಂದೊಂದು ಆಧಾರದ ಮೇಲೂ ಪೂರ್ತಿ ಭಾರ ಬೀಳುತ್ತದೆ, ಎರಡು ಹಾಕಿದ್ದೇ ವ್ಯರ್ಥ. ಅಂಚಿಗೆ ದಪ್ಪ ಕ್ಯಾನ್ವಾಸ್ ಹಾಸಿ, ಅದು ಜಾರದಂತೆ ಕಟ್ಟಬೇಕು.

ಹಗ್ಗ 10.5ರಿಂದ 11 ಮಿ.ಮೀ. ದಪ್ಪದ, ಯುರೋಪಿನ ಸುರಕ್ಷತಾ ಮಾನದಂಡವಾದ ಇಎನ್ 1891 ಟೈಪ್ ಎ ಗುರುತಿನದಾಗಿರಲಿ. ಹಗ್ಗದ ತುದಿಯ ಪಟ್ಟಿ ನೋಡಿ: ಗುರುತು, ತಯಾರಾದ ವರ್ಷ ತಿಳಿಯುತ್ತದೆ. ಬೋರ್‌ವೆಲ್ ಮೋಟಾರು ಇಳಿಸುವ ಪಾಲಿಪ್ರೊಪಿಲೀನ್ ಹಗ್ಗ ಎಷ್ಟೇ ದಪ್ಪವಿದ್ದರೂ ಬೇಡ. ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಅದು ಉಜ್ಜುವ ಬಿಸಿಯನ್ನು ತಾಳದು. ಜೀಪಿನ ಹಿಂದೆ ಬ್ಯಾಟರಿ ಪಕ್ಕ ಹಗ್ಗ ಎಸೆದಿದ್ದರೆ ಅದನ್ನೂ ಬೇಡ ಅನ್ನಿ. ಬ್ಯಾಟರಿಯ ಆಸಿಡ್ ನೈಲಾನನ್ನು ಒಳಗೊಳಗೇ ತಿನ್ನುತ್ತದೆ, ಹೊರಗೆ ಗುರುತೂ ಕಾಣದು.

ಸಣ್ಣ ಮಕ್ಕಳಿಗೆ ಸೊಂಟ ತುಂಬಿರುವುದಿಲ್ಲ. ತಲೆಕೆಳಗಾದರೆ ಸೊಂಟದ ಹಾರ್ನೆಸ್‌ನಿಂದ ಜಾರಿಬಿಡಬಹುದು, 40 ಕೆ.ಜಿ. ಒಳಗಿನವರಿಗೆ ಇಡೀ ಮೈಯ ಹಾರ್ನೆಸ್ ಹಾಕಿಸಿ. ಬೈಕಿನ ಹೆಲ್ಮೆಟ್ ಬೇಡ, ಕೂಗಿದ್ದು ಕೇಳಿಸದು.

ಬಂಡೆಯಲ್ಲಿ ಹೆಜ್ಜೇನು ಗೂಡಿದ್ದರೆ ಆ ಜಾಗವೇ ಬೇಡ. ಹಗ್ಗದಲ್ಲಿರುವ ಮಗು ಓಡಲಾರದು.

ನಡೆಸುವವರ ಸರ್ಟಿಫಿಕೇಟ್ ಕೇಳಲು ಸಂಕೋಚ ಪಡಬೇಡಿ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂಥ ಕಡೆ ಬೇಸಿಕ್ ಕೋರ್ಸ್ ಮುಗಿಸಿದವರು ತಾವು ಹತ್ತಿಳಿಯಲು ಕಲಿತಿರುತ್ತಾರೆ. ಕಲಿಸುವವರಿಗಾಗಿಯೇ ಎಂಒಐ (ಮೆಥಡ್ ಆಫ್ ಇನ್‌ಸ್ಟ್ರಕ್ಷನ್) ಕೋರ್ಸ್ ಬೇರೆ ಇದೆ. ಕನಿಷ್ಠ ಒಬ್ಬರಾದರೂ ಅದನ್ನು ಮುಗಿಸಿದವರು ಬಂಡೆಯ ನೆತ್ತಿಯಲ್ಲಿರಲಿ.

ನೇತಾಡಿದ ಮಗುವನ್ನು ಇಳಿಸಿದೊಡನೆ ಮಲಗಿಸಿ, ಹಾರ್ನೆಸ್ ಸಡಿಲಿಸಿ, 108ಕ್ಕೆ ಕರೆ ಮಾಡಿ. ಕಾಲಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪಬಹುದು.

ಮೊದಲ ಮಗು ಇಳಿಯುವ ಮುನ್ನ ಹೀಗೆ ಮಾಡಿಸಿ: ಅವರ ತಂಡದ ಒಬ್ಬರು ನೆಲದಿಂದ ಒಂದಾಳೆತ್ತರದಲ್ಲಿ ಹಗ್ಗಕ್ಕೆ ನೇತಾಡಲಿ, "ಈಗ ಇವರ ಕೂದಲು ಸಿಕ್ಕಿದೆ, ಬಿಡಿಸಿ" ಅನ್ನಿ. ಐದು ನಿಮಿಷದೊಳಗೆ, ಚಾಕು ಮುಟ್ಟದೆ ಬಿಡಿಸಲು ಆಗದಿದ್ದರೆ ಮಕ್ಕಳ ಹಾರ್ನೆಸ್ ಬಿಚ್ಚಿಸಿ.