ಹಳೇ ಪಂಪಿಗೆ ಬಣ್ಣ ಬಳಿದು ಹೊಸದು ಅಂತ ಮಾರಿದರು: ಲಾರಿ ಇರುವವರು ಓದಿ

ಶಿರಾ–ಹಿರಿಯೂರು ನಡುವೆ ಹೆದ್ದಾರಿ ಪಕ್ಕ ಲಾರಿಯ ಡೀಸೆಲ್ ಪಂಪ್ (ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪು) ಬಿಚ್ಚಿಸುವವರು ದಯವಿಟ್ಟು ಹುಷಾರಾಗಿರಿ. ಅಲ್ಲಿನ ಎಲ್ಲ ಗ್ಯಾರೇಜೂ ಮೋಸ ಅಂತ ಹೇಳುತ್ತಿಲ್ಲ. ನನಗೆ ಸಿಕ್ಕಿದವನು ಮಾತ್ರ ಹೀಗೆ ಮಾಡಿದ. ಇನ್ನೂ ಹೊಟ್ಟೆ ಉರಿಯುತ್ತಿದೆ.

ನಮ್ಮದು ಆರು ಸಿಲಿಂಡರಿನ ಹಳೇ ಟಾಟಾ. ಈಗಿನ ಕಂಪ್ಯೂಟರ್ ಕಂಟ್ರೋಲಿನ ಕಾಮನ್ ರೈಲ್ ಅಲ್ಲ, ಹಳೇ ಕಾಲದ ಮೆಕ್ಯಾನಿಕಲ್ ಪಂಪು. ಚಳ್ಳಕೆರೆಯಿಂದ ಯಶವಂತಪುರಕ್ಕೆ ಈರುಳ್ಳಿ ಲೋಡ್. ಏರಿನಲ್ಲಿ ಗಾಡಿ ಎಳೆಯುತ್ತಿರಲಿಲ್ಲ, ನಿಲ್ಲಿಸಿದರೆ ಡೀಸೆಲ್ ಪೈಪಿನಲ್ಲಿ ಏರ್ ಹಿಡಿಯುತ್ತಿತ್ತು. ದಾರಿಯ ಗ್ಯಾರೇಜಿನಲ್ಲಿ ನಿಲ್ಲಿಸಿ, ಇದು ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆದು ಮೇನ್ ಪಂಪಿಗೆ ಕೊಡುವ ಸಣ್ಣ ಪಂಪು) ತೊಂದರೆ ಇರಬೇಕು ಎಂದೆ. ಮೆಕ್ಯಾನಿಕ್ ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಡೀಸೆಲ್ ಎಳೆಯುವ ಗುಂಡಿ) ನಾಲ್ಕು ಸಲ ಒತ್ತಿ, "ಮೇನ್ ಪಂಪೇ ಹೋಗಿದೆ ಅಣ್ಣ, ಹೊಸ ಮೈಕೋ ಪೀಸ್ ಹಾಕ್ಬಿಡೋಣ" ಎಂದ. (ಕಂಪನಿ ಹೆಸರು 2008ರಲ್ಲೇ ಬಾಷ್ ಆಯಿತು, ಗ್ಯಾರೇಜಿನವರ ಬಾಯಲ್ಲಿ ಇನ್ನೂ ಮೈಕೋನೇ.) ಮಂಡಿಯವರ ಫೋನ್ ಮೇಲೆ ಫೋನ್. ನನಗೆ ಅರ್ಜೆಂಟು ಅಂತ ಅವನಿಗೂ ಗೊತ್ತಾಗಿತ್ತು.

ಬಿಚ್ಚಿದ ರೀತಿ ನೋಡಬೇಕಿತ್ತು. ಧೂಳು ಒರೆಸಲೇ ಇಲ್ಲ. ಟ್ಯಾಂಕ್ ತುಂಬಿತ್ತು. ಕಳಚಿದ ಪೈಪನ್ನು ಮೇಲಕ್ಕೆ ಕಟ್ಟಬೇಕು, ಬಾಯಿಗೆ ಬೋಲ್ಟೋ ಕ್ಯಾಪೋ ಹಾಕಬೇಕು, ಅಲ್ವಾ? ಇವನು ಸುಮ್ನೆ ಕೆಳಗೆ ಇಳಿಬಿಟ್ಟ. ಟ್ಯಾಂಕಿಗಿಂತ ಕೆಳಗಿದ್ದ ಬಾಯಿಂದ ಡೀಸೆಲ್ ತಾನೇ ಎಳೆದುಕೊಂಡು ಸುರಿಯಿತು. ಮೌಂಟಿಂಗ್ ರಬ್ಬರ್, ಹೋಸ್, ನೆಲ ಎಲ್ಲ ಡೀಸೆಲ್. ಕೂಗಾಡಿದೆ. "ಡೀಸೆಲ್ ಗಾಡಿಲಿ ಡೀಸೆಲ್ ಸೋರದೆ ಎಳನೀರು ಸೋರುತ್ತಾ ಅಣ್ಣ?" ಎಂದ. ಅಲ್ಲಿದ್ದ ಹುಡುಗರೆಲ್ಲ ನಕ್ಕರು. ನನ್ನ ಕ್ಲೀನರ್ ಕೂಡ ನಕ್ಕ! ಕೊನೆಗೆ ಬಿಲ್ಲಿನಲ್ಲಿ ಮರದ ಹೊಟ್ಟು ಚೆಲ್ಲಿದ್ದಕ್ಕೆ ಕ್ಲೀನಿಂಗ್ ಚಾರ್ಜ್ ಬೇರೆ.

ಈರುಳ್ಳಿಯನ್ನು ಬೇರೆ ಗಾಡಿಗೆ ಹಾಕಿಸಿ ಬರುವಷ್ಟರಲ್ಲಿ ಪಂಪ್ ಕೂತಿತ್ತು. ಫಳಫಳ ಬೆಳ್ಳಿ ಬಣ್ಣ. ಹಳೇದು ಎಲ್ಲಿ ಅಂದರೆ "ಎಕ್ಸ್‌ಚೇಂಜಿಗೆ ಹೋಯ್ತು, ಅದಕ್ಕೇ ನಿಮಗೆ ಕಮ್ಮಿ ರೇಟು." ಕಮ್ಮಿಯಂತೆ! ಗಾಡಿ ಸ್ಟಾರ್ಟ್ ಆಯಿತು, ದುಡ್ಡು ಎಣಿಸಿದೆ, ಹೊರಟೆ.

ಆಮೇಲೆ ಕಪ್ಪು ಹೊಗೆ. ಮೈಲೇಜ್ ಬಿತ್ತು. ಫೋನ್ ಮಾಡಿದರೆ "ಹೊಗೆ ಬಂತು ಅಂದ್ರೆ ಪಿಕಪ್ ಜಾಸ್ತಿ ಆಗಿದೆ ಅಂತ, ಖುಷಿಪಡಿ" ಎಂದ. ತುಮಕೂರಿನ ಪಂಪ್ ರೂಮಿಗೆ (ಡೀಸೆಲ್ ಪಂಪ್ ಮಾತ್ರ ರಿಪೇರಿ ಮಾಡುವ ಅಂಗಡಿ) ಒಯ್ದೆ. ಅಲ್ಲಿ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದರು. ಬೆಳ್ಳಿ ಬಣ್ಣ ಬಟ್ಟೆಗೆ ಅಂಟಿಕೊಂಡು ಬಂತು. ಕೆಳಗೆ ಒಂದು ವೆಲ್ಡಿಂಗ್ ಗುರುತು. ಹೋದ ವರ್ಷ ಹುಬ್ಬಳ್ಳಿಯಲ್ಲಿ ನಾನೇ ಮುಂದೆ ನಿಂತು ಮಾಡಿಸಿದ ವೆಲ್ಡಿಂಗ್ ಅದು! ನನ್ನ ಪಂಪು. ನನ್ನದೇ ಪಂಪನ್ನು ನನಗೇ ಮಾರಿದ್ದಾನೆ. ನೇಮ್ ಪ್ಲೇಟ್ ಕಿತ್ತು, ಸೆಟ್ಟಿಂಗ್ ಯಾರೂ ಮುಟ್ಟದಿರಲಿ ಅಂತ ಹಾಕಿರುವ ಸೀಸದ ಸೀಲ್ ಕತ್ತರಿಸಿ, ಡೀಸೆಲ್ ಜಾಸ್ತಿ ಹೋಗುವ ಹಾಗೆ ಸ್ಕ್ರೂ ತಿರುಗಿಸಿದ್ದಾನೆ. ಹೊಸದು ಅಂತ ಹಾಕಿದ್ದು ಫೀಡ್ ಪಂಪಿನ ವಾಲ್ವ್, ವಾಷರ್ ಅಷ್ಟೇ. ಪಂಪ್ ರೂಮಿನವರು ನನ್ನ ಮುಖ ನೋಡಿ ಏನೂ ಮಾತಾಡಲಿಲ್ಲ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಪಂಪ್ ಬಿಚ್ಚುವ ಮೊದಲೇ ನೇಮ್ ಪ್ಲೇಟಿನ ನಂಬರ್ ಫೋಟೋ ತೆಗೆದುಕೊಳ್ಳಿ. ಹಳೇದನ್ನು ನಿಮ್ಮ ಕ್ಯಾಬಿನ್‌ನಲ್ಲೇ ಇಟ್ಟುಕೊಳ್ಳಿ, ಎಕ್ಸ್‌ಚೇಂಜ್ ಕಥೆ ಕೇಳಲೇಬೇಡಿ. ತಾಮ್ರದ ವಾಷರ್ ಹೊಸದೇ ಹಾಕಿಸಿ. ಟೈಮಿಂಗ್ ಮಾರ್ಕ್ (ಪಂಪನ್ನು ಮತ್ತೆ ಅದೇ ಜಾಗಕ್ಕೆ ಕೂರಿಸಲು ಹಾಕುವ ಗುರುತು) ಹಾಕದೆ ಸ್ಪ್ಯಾನರ್ ಹಿಡಿದರೆ ಅಲ್ಲೇ ನಿಲ್ಲಿಸಿ. ಪೈಪ್ ಬಾಯಿ ಮುಚ್ಚದೆ ನೇತಾಡಿಸುವವನಿಗೆ ಪಂಪ್ ಮುಟ್ಟಲೂ ಬಿಡಬೇಡಿ.

ವೆಲ್ಡಿಂಗ್ ಗುರುತಿನ ಫೋಟೋ ಕಳಿಸಿದಾಗ ಆ ಗ್ಯಾರೇಜಿನವನ ಉತ್ತರ: "ವೆಲ್ಡಿಂಗ್ ಎಲ್ಲ ಪಂಪಲ್ಲೂ ಇರುತ್ತೆ." ಜಿಎಸ್‌ಟಿ ಬಿಲ್ ಕೇಳಿದೆ. "ಚೀಟಿ ಕೊಟ್ಟಿದೀನಲ್ಲ" ಎಂದ. ಈಗ ನಂಬರ್ ಬ್ಲಾಕ್ ಮಾಡಿದ್ದಾನೆ. ಕ್ಲೀನರ್ ಫೋನಿನಿಂದ ಮಾಡಿದರೆ ಎತ್ತುತ್ತಾನೆ, ನನ್ನ ದನಿ ಕೇಳಿದ ಕೂಡಲೇ ಇಡುತ್ತಾನೆ.