ಟೈ ಉದ್ದದ ಅಳತೆಪಟ್ಟಿ: ನಾಲ್ಕು ವರ್ಷ ಬಳಸಿದ ಮೇಲೆ

ಔಷಧ ಕಂಪನಿಯ ಪ್ರತಿನಿಧಿಯಾಗಿ ಹುಬ್ಬಳ್ಳಿ, ಗದಗ ಕಡೆ ಓಡಾಡುವ ನನಗೆ ವಾರದಲ್ಲಿ ಆರು ದಿನ ಟೈ ಕಡ್ಡಾಯ. ಅದರ ತುದಿ ಬೆಲ್ಟಿನ ಬಕಲ್‌ಗೆ ತಾಗುವಂತೆ ಕಟ್ಟಲು ಮೊದಲೆಲ್ಲ ಎರಡು ಮೂರು ಸಲ ಬಿಚ್ಚಬೇಕಾಗುತ್ತಿತ್ತು. ಸಮಯ ಹೋಗುವುದಕ್ಕಿಂತ ನನ್ನನ್ನು ಕಾಡುತ್ತಿದ್ದುದು ರೇಷ್ಮೆಗೆ ಆಗುವ ಹಾನಿ. ಒಳ್ಳೆಯ ಟೈಗೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಆದ್ದರಿಂದಲೇ ಅದು ಎಳೆದಾಗ ಹಿಗ್ಗಿ, ಬಿಟ್ಟಾಗ ಮೊದಲಿನಂತಾಗುತ್ತದೆ. ಆದರೆ ಗಂಟು ಬೀಳುವ ಜಾಗವನ್ನೇ ದಿನಬೆಳಗಾದರೆ ಮೂರು ಸಲ ಬಿಗಿದು ಜಗ್ಗಿದರೆ ಸುಕ್ಕು ಅಲ್ಲೇ ಉಳಿದುಬಿಡುತ್ತದೆ.

ಮೊದಲು ಕೊಂಡಿದ್ದು ಕಾಲರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ. ಟೈನ ಸಣ್ಣ ತುದಿ ಎಲ್ಲಿಗೆ ಬರಬೇಕೆಂದು ಅದು ತೋರಿಸುತ್ತಿತ್ತು. ಒಂದು ಟೈಗೆ ಹೊಂದಿದ ಗುರುತು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ನನ್ನ ಟೈಗಳ ಉದ್ದ 143ರಿಂದ 152 ಸೆಂ.ಮೀ.ವರೆಗೆ ಇದೆ, ಸಣ್ಣ ತುದಿಯನ್ನು ಒಂದೇ ಕಡೆ ನಿಲ್ಲಿಸಿದರೆ ಆ ವ್ಯತ್ಯಾಸವೆಲ್ಲ ಮುಂದಿನ ಅಗಲ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನನಗೆ ಹೊಳೆಯಲು ಕೆಲವು ವಾರಗಳೇ ಹಿಡಿದವು.

ನಾಲ್ಕು ವರ್ಷಗಳಿಂದ ಬಳಸುತ್ತಿರುವ ಈ ಸಾಧನ ಅಗಲ ತುದಿಯಿಂದ ಅಳೆಯುತ್ತದೆ. ಪಟ್ಟಿಯ ಕೊಕ್ಕೆಗೆ ಆ ತುದಿಯನ್ನು ಕೂಡಿಸಿ, ನನ್ನ ಅಳತೆಯಾದ 77 ಸೆಂ.ಮೀ. ಗುರುತಿನಲ್ಲಿ ಟೈಗೆ ಸಣ್ಣ ಕ್ಲಿಪ್ ಹಾಕಿ, ಕ್ಲಿಪ್ ಕಾಲರ್ ಗುಂಡಿಯ ಮೇಲೆ ಬರುವಂತೆ ಟೈ ಇಳಿಬಿಟ್ಟು, ಮೊದಲ ಸುತ್ತು ಹಾಕಿದ ಕೂಡಲೇ ಕ್ಲಿಪ್ ತೆಗೆಯುತ್ತೇನೆ. ಟೈನ ಒಟ್ಟು ಉದ್ದ ಎಷ್ಟೇ ಇರಲಿ, ಹೆಚ್ಚಿನದು ಹಿಂದಿನ ಸಣ್ಣ ತುದಿಗೆ ಹೋಗುತ್ತದೆ. ಗದಗದಲ್ಲಿ ನಾನು ಉಳಿಯುವ ಲಾಡ್ಜಿನ ಕನ್ನಡಿಯಲ್ಲಿ ಎದೆಯವರೆಗೆ ಮಾತ್ರ ಕಾಣುತ್ತದೆ. ಅಲ್ಲಿಯೂ ಮೊದಲ ಸಲಕ್ಕೇ ತುದಿ ಬಕಲ್ ಮೇಲೆ ಬಂದು ಕೂರುತ್ತದೆ.

ಗಂಟು ಬದಲಾದರೆ ಅಳತೆಯೂ ಬದಲಾಗುತ್ತದೆ. 1999ರಲ್ಲಿ ಕೇಂಬ್ರಿಜ್‌ನ ಇಬ್ಬರು ಭೌತವಿಜ್ಞಾನಿಗಳು ಟೈ ಗಂಟಿನಲ್ಲಿ 85 ಬಗೆಗಳಿವೆ ಎಂದು ಲೆಕ್ಕ ಹಾಕಿದರು. ನನಗೆ ಬೇಕಾದವು ಎರಡೇ. ಮೇಲಿನ ಅಳತೆ ಸರಳವಾದ ಫೋರ್-ಇನ್-ಹ್ಯಾಂಡ್ ಗಂಟಿನದು. ಹಾಫ್ ವಿಂಡ್ಸರ್‌ಗೆ ಸುತ್ತು ಹೆಚ್ಚಾದ್ದರಿಂದ 84 ಬೇಕು. ದಪ್ಪನೆಯ ಉಣ್ಣೆಯ ಟೈಗೆ ಮತ್ತೂ ಎರಡು ಸೆಂ.ಮೀ. ಸೇರಿಸುತ್ತೇನೆ, ಏಕೆಂದರೆ ಬಟ್ಟೆಯ ದಪ್ಪವೂ ಗಂಟಿನೊಳಗೆ ಉದ್ದವನ್ನು ತಿನ್ನುತ್ತದೆ. ತಯಾರಕರ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲದಿರುವುದು ದೊಡ್ಡ ಕೊರತೆ.

ಕ್ಲಿಪ್ಪಿನ ಹಲ್ಲು ಚೂಪಾಗಿದ್ದು, ಎರಡನೇ ತಿಂಗಳಲ್ಲೇ ನನ್ನ ಮರೂನ್ ಬಣ್ಣದ ರೇಷ್ಮೆ ಟೈನ ಒಂದು ಎಳೆ ಕಿತ್ತುಬಂತು. ತಯಾರಕರಿಗೆ ಚಿತ್ರ ಸಮೇತ ಬರೆದರೂ ಉತ್ತರ ಬರಲಿಲ್ಲ. ಹಳೆಯ ಸೈಕಲ್ ಟ್ಯೂಬಿನ ತೆಳುವಾದ ತುಂಡನ್ನು ಹಲ್ಲುಗಳಿಗೆ ಅಂಟಿಸಿದ ಮೇಲೆ ಯಾವ ಟೈಗೂ ಗಾಯವಾಗಿಲ್ಲ. ಬೆವರಿನ ಕೈ ತಾಗಿ ಪಟ್ಟಿಯ ಅಂಕಿಗಳೂ ಮಾಸಿವೆ. 77 ಮತ್ತು 84ರ ಜಾಗದಲ್ಲಿ ಬಣ್ಣದ ದಾರದಿಂದ ಹೊಲಿಗೆ ಹಾಕಿಕೊಂಡಿದ್ದೇನೆ.