ಹಳೇ ಟ್ರಾವೆಲರ್ ಕ್ಯಾಂಪರ್‌ಗೆ 100 ಎಎಚ್ ಲಿಥಿಯಂ ಬ್ಯಾಟರಿ: ಕಲಬುರಗಿ ಬಿಸಿಲು ತಿಂದ ಮೇಲಿನ ವಿಮರ್ಶೆ

ಒಳಗೇ ಮಲಗುವಂತೆ ಮಾಡಿಸಿದ ಟ್ರಾವೆಲರ್ ವ್ಯಾನಿಗೆ (ಕ್ಯಾಂಪರ್) ಹಾಕಿದ ಬ್ಯಾಟರಿಗೆ 5ಕ್ಕೆ 4. ಜೊತೆಗೆ ಬರುವ ಕೈಪಿಡಿಗೆ 1 ಕೊಟ್ಟರೂ ಹೆಚ್ಚಾಯಿತು. ಕಲಬುರಗಿ, ಯಾದಗಿರಿ ಕಡೆಯವರಿಗೆ ಬೇಕಾದ ಒಂದು ಮಾತೂ ಅದರಲ್ಲಿಲ್ಲ.

ಮಾಲು ಇಷ್ಟು: 12.8 ವೋಲ್ಟ್, 100 ಎಎಚ್ (ಆಂಪಿಯರ್ ಅವರ್), ಲಿಥಿಯಂ ಐರನ್ ಫಾಸ್ಫೇಟ್, ಒಳಗೇ 100 ಆಂಪಿಯರ್ ಬಿಎಂಎಸ್ (ಸೆಲ್ಲುಗಳನ್ನು ಕಾಯುವ, ಅಪಾಯ ಕಂಡರೆ ಕರೆಂಟ್ ಕಡಿಯುವ ಸರ್ಕ್ಯೂಟ್). ತೂಕ 12 ಕೆಜಿ ಆಸುಪಾಸು. ಮನೆಯ ಇನ್ವರ್ಟರ್‌ಗೆ ಇಡುವ 150 ಎಎಚ್ ಟ್ಯೂಬುಲರ್ ಲೆಡ್ ಬ್ಯಾಟರಿಯನ್ನೇ ಗಾಡಿಗೆ ಹಾಕುವವರಿದ್ದಾರೆ. ಅದು 50 ಕೆಜಿ ದಾಟುತ್ತದೆ, ಬಾಳಿಕೆ ಬೇಕೆಂದರೆ ಅರ್ಧದಷ್ಟೇ ಬಳಸಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಗಾಡಿಯೊಳಗೆ ಅದು ಬೇಡ.

ಲಿಥಿಯಂಗೆ ನಮ್ಮ ಬಿಸಿಲೇ ವೈರಿ. ಸೆಲ್ಲಿನ ಬಿಸಿ ಸಾಮಾನ್ಯವಾಗಿ 45ರಿಂದ 60 ಡಿಗ್ರಿಯೊಳಗೆ ಎಲ್ಲೋ ಒಂದು ಕಡೆ ಬಿಎಂಎಸ್ ಚಾರ್ಜಿಂಗ್ ನಿಲ್ಲಿಸಿಬಿಡುತ್ತದೆ. ಮಿತಿ ಎಷ್ಟೆಂದು ಕೊಳ್ಳುವ ಮೊದಲೇ ಅಂಗಡಿಯಲ್ಲಿ ಕೇಳಿ. ಮೇ ತಿಂಗಳಲ್ಲಿ ಹೊರಗೇ 43 ಇದ್ದಾಗ, ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಆ ಮಿತಿ ಸುಲಭವಾಗಿ ದಾಟುತ್ತದೆ. ಸೋಲಾರ್ ಚೆನ್ನಾಗಿ ಕೊಡುವ ನಡು ಮಧ್ಯಾಹ್ನದಲ್ಲೇ ಬ್ಯಾಟರಿ 'ಒಲ್ಲೆ' ಅನ್ನುತ್ತದೆ. ಪ್ಯಾನೆಲ್ ಕೆಟ್ಟಿದೆ ಎಂದು ಅದನ್ನು ಬಿಚ್ಚಿಸುವ ಮಂದಿಯೂ ಇದ್ದಾರೆ. ಇಂಜಿನ್ ಕವರ್ ಪಕ್ಕ, ಸೈಲೆನ್ಸರ್ ಪೈಪ್ ಹಾದುಹೋಗುವ ಜಾಗದ ಮೇಲೆ ಬ್ಯಾಟರಿ ಇಡಬೇಡಿ. ಹಿಂದೆ, ನೆಲಮಟ್ಟದಲ್ಲಿ, 12 ಎಂಎಂ ಪ್ಲೈವುಡ್ ಹಲಗೆಯ ಮೇಲೆ ಕೂರಿಸಿ. ಥರ್ಮೋಕೋಲ್ ಪೆಟ್ಟಿಗೆ ಮಾಡಿ ಮುಚ್ಚಿದರೆ ಬ್ಯಾಟರಿಯ ಬಿಸಿ ಒಳಗೇ ಉಳಿಯುತ್ತದೆ. ಸುತ್ತ ಎರಡು ಬೆರಳು ಸಂದು, ಕೆಳಗೆ ಗಾಳಿ ಬರುವ ತೂತು, ಮೇಲೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದಿದ್ದರೆ ಸಾಕು.

100 ಎಎಚ್ ಎಷ್ಟು ಹೊತ್ತು ಬರುತ್ತದೆ? 50 ವ್ಯಾಟ್ ಎಳೆಯುವ ಕಂಪ್ರೆಸರ್ ಫ್ರಿಜ್ ಬೇಸಿಗೆಯಲ್ಲಿ ಮೂರರಲ್ಲಿ ಎರಡು ಪಾಲು ಸಮಯ ಓಡುತ್ತದೆ, ಅಂದರೆ ದಿನಕ್ಕೆ 800 ವ್ಯಾಟ್ ಅವರ್, ಸುಮಾರು 63 ಎಎಚ್. ರಾತ್ರಿ 8 ತಾಸು ಫ್ಯಾನಿಗೆ 20, ದೀಪ ಮತ್ತು ಮೊಬೈಲ್‌ಗೆ 8. ಒಟ್ಟು 90 ಮುಟ್ಟಿತು. 200 ವ್ಯಾಟ್ ಪ್ಯಾನೆಲ್ ಚಾವಣಿ ಮೇಲೆ ಅಂಗಾತ ಮಲಗಿದ್ದು, ಬಿಸಿಗೆ, ಧೂಳಿಗೆ ಸೋತು ದಿನಕ್ಕೆ 55 ಎಎಚ್ ಕೊಟ್ಟರೆ ಪುಣ್ಯ. ಉಳಿದದ್ದು ಇಂಜಿನ್‌ನಿಂದಲೇ ಬರಬೇಕು. ಪ್ಯಾನೆಲ್ಲಿಗೂ ಚಾವಣಿಗೂ ನಡುವೆ 4–5 ಸೆಂ.ಮೀ. ಜಾಗ ಬಿಡಿ; ಪ್ಯಾನೆಲ್ಲಿನ ಬಿಸಿ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ. 0.4ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಸೇಡಂ, ಮಳಖೇಡ ಕಡೆಯ ಸಿಮೆಂಟ್ ಧೂಳನ್ನು ಒಣ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಬೆಳಗ್ಗೆ ತಂಪಿದ್ದಾಗಲೇ ನೀರು ಸುರಿದು ತೊಳೆಯಿರಿ. ಎಂಪಿಪಿಟಿಯಲ್ಲಿ (ಪ್ಯಾನೆಲ್, ಬ್ಯಾಟರಿ ನಡುವಿನ ಸೋಲಾರ್ ಚಾರ್ಜ್ ಕಂಟ್ರೋಲರ್) ಚಾರ್ಜಿಂಗ್‌ಗೆ 14.2–14.4 ವೋಲ್ಟ್ ಇಟ್ಟು, ಈಕ್ವಲೈಸೇಷನ್ (ಲೆಡ್ ಬ್ಯಾಟರಿಗೆ ಕೊಡುವ ಹೆಚ್ಚು ವೋಲ್ಟೇಜಿನ ಚಾರ್ಜ್) ಕಡ್ಡಾಯವಾಗಿ ಆಫ್ ಮಾಡಿ.

ಹಳೇ ಗಾಡಿಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ವೈರಿಂಗ್‌ನಲ್ಲಿ. ಆಲ್ಟರ್ನೇಟರ್‌ನಿಂದ (ಇಂಜಿನ್ ತಿರುಗಿಸುವ ಕರೆಂಟ್ ಯಂತ್ರ) ರಿಲೇ ಸ್ವಿಚ್ ಹಾಕಿ ನೇರ ಜೋಡಿಸುವ ಪದ್ಧತಿ ಲೆಡ್ ಬ್ಯಾಟರಿಗೆ ನಡೆಯುತ್ತಿತ್ತು. ಲಿಥಿಯಂ ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ. ಗಾಡಿ ನಿಂತು ಇಂಜಿನ್ ಐಡಲ್‌ನಲ್ಲಿದ್ದಾಗ ಆಲ್ಟರ್ನೇಟರ್ ಫ್ಯಾನ್ ನಿಧಾನವಾಗಿ ತಿರುಗುವುದರಿಂದ ವೈಂಡಿಂಗ್ ಸುಡಬಹುದು. ಚಾರ್ಜ್ ನಡುವೆ ಬಿಎಂಎಸ್ ತಟ್ಟನೆ ಕಡಿದುಕೊಂಡರೆ ವೋಲ್ಟೇಜ್ ಜಿಗಿದು ಆಲ್ಟರ್ನೇಟರಿನ ಡಯೋಡ್ ಹೋಗಬಹುದು. ಆಲ್ಟರ್ನೇಟರ್ ಕರೆಂಟನ್ನು ಮಿತಿಯಲ್ಲಿಟ್ಟು ಕೊಡುವ ಡಿಸಿ-ಡಿಸಿ ಚಾರ್ಜರ್ ಇಲ್ಲದೆ ಈ ಬ್ಯಾಟರಿ ಕೊಳ್ಳಲೇಬೇಡಿ. ಹಳೇ ಆಲ್ಟರ್ನೇಟರಿಗೆ 20 ಆಂಪಿಯರ್‌ನದು ಸಾಕು, ಗಟ್ಟಿಯಾಗಿದ್ದರೆ 30. ತಂತಿಯಲ್ಲಿ ಜಿಪುಣತನ ಬೇಡ: ಹೋಗಿಬರುವ ದೂರ 10 ಮೀಟರ್ ಇದ್ದು 30 ಆಂಪಿಯರ್ ಹರಿದರೆ 6 ಚದರ ಎಂಎಂ ತಾಮ್ರದಲ್ಲಿ 0.86 ವೋಲ್ಟ್ ಸೋರುತ್ತದೆ, 16ರಲ್ಲಿ 0.32 ಮಾತ್ರ. ಫ್ಯೂಸ್ ಇಂಜಿನ್ ಬ್ಯಾಟರಿ, ಲಿಥಿಯಂ ಬ್ಯಾಟರಿ ಎರಡರ ಬಳಿಯೂ ಬೇಕು, ಪ್ಲಸ್‌ನಿಂದ ಒಂದು ಗೇಣಿನೊಳಗೆ. ತಂತಿಯ ತುದಿಗೆ ಹಾಕುವ ಲಗ್ಗನ್ನು ಸುತ್ತಿಗೆಯಿಂದ ಬಡಿಯದೆ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸಿ. ಮೈನಸ್ ತಂತಿಯನ್ನು ಗಾಡಿಯ ಲೋಹಕ್ಕೆ ಬಿಗಿಯುವ ಅರ್ಥ್ ಬಿಂದುವಿನ ಬಣ್ಣ, ತುಕ್ಕು ಕೆರೆದು ಸ್ಟಾರ್ ವಾಷರ್ ಹಾಕಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ. ಮೊದಲ 500 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್ ಮತ್ತೆ ಬಿಗಿ ಮಾಡಿ. ಒಳರಸ್ತೆಗಳ ಕುಲುಕಾಟಕ್ಕೆ ಸಡಿಲಾದ ಟರ್ಮಿನಲ್ ಬಿಸಿಯಾಗಿ ಪ್ಲಾಸ್ಟಿಕ್ ಕರಗಿಸುತ್ತದೆ.

ವೋಲ್ಟ್‌ಮೀಟರ್ ನಂಬಬೇಡಿ. ಮುಕ್ಕಾಲು ತುಂಬಿದಾಗಲೂ, ಅರ್ಧಕ್ಕಿಂತ ಇಳಿದಾಗಲೂ ಅದು 13 ವೋಲ್ಟ್ ಚಿಲ್ಲರೆಯನ್ನೇ ತೋರಿಸುತ್ತದೆ. ಬ್ಯಾಟರಿಗೆ ಬಂದ, ಹೋದ ಕರೆಂಟ್ ಲೆಕ್ಕ ಇಡುವ, ಶಂಟ್ ಇರುವ ಮೀಟರ್ ಹಾಕಿ. ಪೂರ್ತಿ ಇಳಿದು ಬಿಎಂಎಸ್ ಕಡಿದಾಗ ಟರ್ಮಿನಲ್‌ನಲ್ಲಿ 0 ವೋಲ್ಟ್ ಬರಬಹುದು. ಬ್ಯಾಟರಿ ಸತ್ತಿದೆ ಎಂದು ಯಾರಾದರೂ ಅಂದರೆ ಕೂಡಲೇ ಗುಜರಿಗೆ ಕೊಟ್ಟುಬಿಡಬೇಡಿ. ವೇಕ್-ಅಪ್ (ಕಡಿದುಕೊಂಡ ಬಿಎಂಎಸ್ ಅನ್ನು ಎಬ್ಬಿಸುವ ಸೌಲಭ್ಯ) ಇರುವ ಲಿಥಿಯಂ ಚಾರ್ಜರ್ ಹಚ್ಚಿದರೆ ಸಾಮಾನ್ಯವಾಗಿ ಏಳುತ್ತದೆ. ಎಷ್ಟೋ ಎಂಪಿಪಿಟಿಗಳಿಗೆ ಈ ಕೆಲಸ ಬರುವುದಿಲ್ಲ, ಬ್ಯಾಟರಿ ವೋಲ್ಟೇಜ್ ಕಂಡರೆ ಮಾತ್ರ ಅವು ಶುರುವಾಗುವುದು.

ಬೀದರ್‌ನ ಡಿಸೆಂಬರ್ ಚಳಿಗೆ ಅಂಜಬೇಕಿಲ್ಲ. ಲೇಹ್, ಸ್ಪಿತಿ ಕಡೆ ಹೊರಟವರು ಮಾತ್ರ ಶೂನ್ಯಕ್ಕಿಂತ ಕೆಳಗೆ ಚಾರ್ಜಿಂಗ್ ನಿಲ್ಲಿಸುವ ಬಿಎಂಎಸ್ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಆ ಚಳಿಯಲ್ಲಿ ಚಾರ್ಜ್ ಮಾಡಿದರೆ ಸೆಲ್ಲೊಳಗೆ ಲಿಥಿಯಂ ಲೋಹವಾಗಿ ಕೂತು ಕೆಪಾಸಿಟಿ ಕಾಯಂ ಆಗಿ ಹೋಗುತ್ತದೆ. ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ.